ಕ್ಯಾನ್ಸರಿಗೂ ಲಸಿಕೆ ಇದೆಯೇ?

ಬೆಳಗಾವಿಯ ವ್ಯಾಕ್ಸಿನ್ ಡಿಪೋ ನಮಗೆಲ್ಲ ಗೊತ್ತು. ಒಂದು ಕಾಲಕ್ಕೆ ಅಲ್ಲಿ ಸಿಡುಬಿನ ಲಸಿಕೆ ತಯಾರಾಗುತ್ತಿತ್ತು. ಆ ಸಿಡುಬು ಇಂದು ಜಗತ್ತಿನಲ್ಲೇ ಇಲ್ಲ. ಕ್ಯಾನ್ಸರಿಗೂ ಹಾಗೆ ಲಸಿಕೆ ಉಂಟೇ ಎಂದು ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಕಡೆಯ ತಾಯಂದಿರು ಕೇಳುತ್ತಾರೆ. ಎಲ್ಲ ಕ್ಯಾನ್ಸರಿಗೂ ಇಲ್ಲ. ವೈರಸ್ಸಿನಿಂದ ಬರುವ ಕೆಲವನ್ನು ತಡೆಯುವ ಎರಡು ಲಸಿಕೆಗಳಿವೆ.

ಮೊದಲನೆಯದು ಹೆಪಟೈಟಿಸ್ ಬಿ ಲಸಿಕೆ. ಈ ಸೋಂಕು ಎಳೆಗೂಸಿಗೆ ತಗುಲಿದರೆ ಸುಮಾರು 90% ಮಕ್ಕಳಲ್ಲಿ ಬಹುಕಾಲ ಉಳಿದು, ಮುಂದೆ ಯಕೃತ್ತಿನ ಕ್ಯಾನ್ಸರಿಗೆ ದಾರಿಯಾಗಬಹುದು. ಆದ್ದರಿಂದ ಹುಟ್ಟಿದ 24 ಗಂಟೆಯೊಳಗೆ ಒಂದು ಡೋಸು, ನಂತರ 6, 10, 14ನೇ ವಾರ ಪೆಂಟಾವೇಲೆಂಟ್ ಚುಚ್ಚುಮದ್ದಿನಲ್ಲಿ ಸೇರಿಸಿ ಕೊಡುತ್ತಾರೆ. ಸರಕಾರಿ ಆಸ್ಪತ್ರೆಯಲ್ಲಿ ಇದು ಉಚಿತ.

ಎರಡನೆಯದು ಎಚ್‌ಪಿವಿ ಲಸಿಕೆ. ಗರ್ಭಕೊರಳಿನ ಕ್ಯಾನ್ಸರಿನಲ್ಲಿ ಸುಮಾರು 70% ಈ ವೈರಸ್ಸಿನ 16 ಮತ್ತು 18ನೇ ಬಗೆಗಳಿಂದ ಬರುತ್ತದೆ. ಪುಣೆಯ ಸೀರಂ ಇನ್‌ಸ್ಟಿಟ್ಯೂಟಿನ ‘ಸರ್ವಾವ್ಯಾಕ್’ಗೆ 2022ರಲ್ಲಿ ಅನುಮತಿ ಸಿಕ್ಕಿತು. ಸೋಂಕು ತಗುಲುವ ಮೊದಲೇ, 9ರಿಂದ 14 ವಯಸ್ಸಿನಲ್ಲಿ ಹಾಕಿಸುವುದು ಉತ್ತಮ. ಎಷ್ಟು ಡೋಸು ಎಂಬುದನ್ನು ವಯಸ್ಸು ನೋಡಿ ವೈದ್ಯರು ಹೇಳುತ್ತಾರೆ.

“ಮಗಳಿಗೆ ಮುಂದೆ ಮಕ್ಕಳಾಗುವುದಿಲ್ಲವಂತೆ, ಹೌದೇ?” ಎಂಬ ಅಂಜಿಕೆ ಬೇಡ. ಈ ಲಸಿಕೆಯಲ್ಲಿ ಜೀವಂತ ವೈರಸ್ ಇಲ್ಲ. ವೈರಸ್ಸಿನ ಹೊರಕವಚದಂಥ ಪ್ರೋಟೀನು ಮಾತ್ರ ಇದೆ. ಅದರಿಂದ ಬಂಜೆತನ ಬರುವುದಿಲ್ಲ. ತೋಳು ನೋವು, ಸಣ್ಣ ಜ್ವರ ಬರಬಹುದು. ಕೆಲವು ಹುಡುಗಿಯರಿಗೆ ತಲೆ ತಿರುಗುವುದರಿಂದ ಚುಚ್ಚಿದ ಮೇಲೆ 15 ನಿಮಿಷ ಕೂರಿಸಬೇಕು.

ಆದರೆ ಇದು ತಡೆಯುವ ಲಸಿಕೆ. ಬಂದ ರೋಗವನ್ನು ಗುಣಪಡಿಸುವುದಿಲ್ಲ. ಲಸಿಕೆ ಹಾಕಿಸಿಕೊಂಡವರೂ 30 ವರ್ಷದ ನಂತರ ಗರ್ಭಕೊರಳಿನ ತಪಾಸಣೆ ಮಾಡಿಸಬೇಕು. ಮುಟ್ಟು ನಿಂತ ಮೇಲೆ ರಕ್ತ ಕಂಡರೆ, ಕೆಟ್ಟ ವಾಸನೆಯ ಸ್ರಾವವಿದ್ದರೆ ನಾಚಿಕೆಯಿಂದ ಮುಚ್ಚಿಡಬಾರದು. ಗುಟ್ಕಾ, ತಂಬಾಕಿನಿಂದ ಬರುವ ಬಾಯಿಯ ಕ್ಯಾನ್ಸರಿಗೆ ಬಿಡುವುದೇ ಮದ್ದು.

ಚಿಕಿತ್ಸೆಗೆ ಬಳಸುವ ಲಸಿಕೆಗಳು ಕೆಲವೇ. ಕ್ಷಯದ ಬಿಸಿಜಿಯನ್ನು ಮೂತ್ರಕೋಶದ ಆರಂಭಿಕ ಕ್ಯಾನ್ಸರಿನಲ್ಲಿ ಕೋಶದೊಳಗೇ ಹಾಕುತ್ತಾರೆ. ಉಳಿದವು ಹೆಚ್ಚಿನಂಶ ಪ್ರಯೋಗದ ಹಂತದಲ್ಲಿವೆ.

ಯುನಾನಿಯಲ್ಲಿ ಕ್ಯಾನ್ಸರಿಗೆ ‘ಸರ್ತಾನ್’ ಎನ್ನುತ್ತೇವೆ. ಆರೋಗ್ಯ ಕಾಯುವುದೇ ಹಕೀಮರ ಮೊದಲ ಕೆಲಸ. ಆದರೆ ಈ ಲಸಿಕೆಗಳ ಬದಲಿಗೆ ಕೊಡುವ ಮಾಜೂನಾಗಲಿ, ಅರ್ಕಾಗಲಿ ನಮ್ಮಲ್ಲಿಲ್ಲ. ಈ ವಾರವೇ ಮಗುವಿನ ತಾಯಿ ಕಾರ್ಡು ತೆಗೆದು ನೋಡಿರಿ, ಮಗಳ ವಯಸ್ಸು ಎಣಿಸಿರಿ, ಆಶಾ ಕಾರ್ಯಕರ್ತೆಯನ್ನೋ ತಾಲೂಕು ಆಸ್ಪತ್ರೆಯನ್ನೋ ವಿಚಾರಿಸಿರಿ.