ಬದನೆಕಾಯಿಯ ಗರಿಗರಿ ಪೋಡಿ: ಒಂದು ಪಾಕಪಾಠ

ಬದನೆಕಾಯಿಯ ಹೆಸರೆತ್ತಿದೊಡನೆ ಮುಖ ತಿರುಗಿಸುವ ಮಕ್ಕಳು ನಮ್ಮಲ್ಲಿ ವಿರಳರಲ್ಲ. ಹುಳಿಯಲ್ಲಿ ಬೆಂದು ಮೆತ್ತಗಾದ ಹೋಳುಗಳನ್ನು ಒಂದೊಂದಾಗಿ ಹೆಕ್ಕಿ, ತಟ್ಟೆಯ ಅಂಚಿನಲ್ಲಿ ಸಾಲಾಗಿ ಇಟ್ಟು, ಯಾರೂ ನೋಡದಿರುವಾಗ ಎದ್ದುಹೋಗುವ ಕಲೆಯನ್ನು ನಾವೂ ಬಾಲ್ಯದಲ್ಲಿ ಬಲ್ಲವರಾಗಿದ್ದೆವು. ಆದರೆ ಅದೇ ಕಾಯಿಯನ್ನು ಬಿಲ್ಲೆಗಳಾಗಿ ಕೊಯ್ದು, ಹುಡಿ ಹೊದಿಸಿ, ಕಾದ ಎಣ್ಣೆಯಲ್ಲಿ ಕರಿದು ಇಕ್ಕಿದರೆ ತಟ್ಟೆಯ ಅಂಚಿನಲ್ಲಿ ಏನೂ ಉಳಿಯದು. ಈ ತಿಂಡಿಯನ್ನು ಮನೆಯಲ್ಲಿ ಮಾಡುವ ಕ್ರಮವನ್ನೂ, ಆ ಕ್ರಮದ ಹಿಂದಿರುವ ಕಾರಣವನ್ನೂ ವಿದ್ಯಾರ್ಥಿಗಳ ಮತ್ತು ಪೋಷಕರ ಮುಂದಿಡುವುದು ಈ ಲೇಖನದ ಉದ್ದೇಶ.

ಮೊದಲು ಹೆಸರಿನ ಮಾತು. ಗಡಿಯಲ್ಲಿ ಬಾಳುವ ನಮ್ಮ ಮಕ್ಕಳು ಒಂದೇ ಕಾಯಿಯನ್ನು ಪೇಟೆಯಲ್ಲಿ ಹಲವು ಹೆಸರುಗಳಿಂದ ಕೇಳುತ್ತಾರೆ. ಕೇರಳದಲ್ಲಿ ಅದು ವಳುದನಂಗ, ತಮಿಳರಿಗೆ ಕತ್ತರಿಕ್ಕಾಯ್, ತೆಲುಗರಿಗೆ ವಂಕಾಯ, ಮರಾಠಿಗರಿಗೆ ವಾಂಗಿ. ಇಂಗ್ಲಿಷರ ಬ್ರಿಂಜಾಲ್ ಎಂಬ ಶಬ್ದವು ಪೋರ್ಚುಗೀಸರಿಂದ ಬಂದುದು. ಪೋರ್ಚುಗೀಸರಿಗೆ ಅದು ಅರಬ್ಬರಿಂದ ದೊರೆಯಿತು. ಕರಿದ ಬಿಲ್ಲೆಗೂ ಹಾಗೆಯೇ ಹಲವು ಹೆಸರುಗಳು. ಕಾಸರಗೋಡು, ದಕ್ಷಿಣ ಕನ್ನಡಗಳಲ್ಲಿ ಕಡಲೆಹಿಟ್ಟಿನ ಕಲಸಿನಲ್ಲಿ ಅದ್ದಿ ಕರಿದರೆ ಪೋಡಿ ಎನ್ನುತ್ತೇವೆ. ಗೋವೆಯಲ್ಲೂ ಮಹಾರಾಷ್ಟ್ರದಲ್ಲೂ ಮಸಾಲೆ ಸವರಿ, ರವೆಯಲ್ಲಿ ಹೊರಳಿಸಿ, ಕಾವಲಿಯ ಮೇಲೆ ಸ್ವಲ್ಪ ಎಣ್ಣೆಯಲ್ಲಿ ಹುರಿದುದು ಕಾಪ್. ದೂರದ ಇಟಲಿಯವರು ಬಿಲ್ಲೆಯನ್ನು ಮೊದಲು ಒಣಹಿಟ್ಟಿನಲ್ಲಿ, ಬಳಿಕ ಕಲಕಿದ ಮೊಟ್ಟೆಯಲ್ಲಿ, ಕಡೆಗೆ ಬ್ರೆಡ್ಡಿನ ಹುಡಿಯಲ್ಲಿ ಹೊರಳಿಸಿ ಕರಿಯುತ್ತಾರೆ. ನಾವಿಲ್ಲಿ ಹೇಳುವುದು ಈ ಕಡೆಯ ಕ್ರಮವನ್ನೇ, ಮೊಟ್ಟೆಯನ್ನು ಮಾತ್ರ ಬಿಟ್ಟು. ಹೊದಿಕೆ ಬೇರೆಯಾದರೂ ತಿನ್ನುವವರಿಗೆ ಅದು ಪೋಡಿಯೇ. ಆದುದರಿಂದ ಆ ಹೆಸರನ್ನೇ ಉಳಿಸಿಕೊಂಡಿದ್ದೇವೆ.

ಮೊತ್ತಮೊದಲು ನಾವು ಇದನ್ನು ಮಾಡಹೊರಟಾಗ ಆದ ಅವಸ್ಥೆಯನ್ನು ಮುಚ್ಚಿಡಬೇಕಾಗಿಲ್ಲ. ಕಾಯಿಯನ್ನು ಕೊಯ್ದೆವು, ಅದ್ದಿದೆವು, ಎಣ್ಣೆಗೆ ಬಿಟ್ಟೆವು. ಹೊದಿಕೆಯು ಅಂಗಿ ಕಳಚಿದಂತೆ ಬೇರೆಯಾಗಿ ತೇಲಿತು. ಬೆತ್ತಲೆಯಾದ ಬಿಲ್ಲೆಯು ಎಣ್ಣೆಯನ್ನು ಹೀರಿ ನೆನೆದ ಬಟ್ಟೆಯಂತಾಯಿತು. ಬಾಣಲೆಯಲ್ಲಿ ಎಣ್ಣೆ ಅರ್ಧಕ್ಕಿಳಿದಿತ್ತು. ಎಣ್ಣೆಯ ಬೆಲೆಯನ್ನು ಬಲ್ಲ ಮನೆಯವರು ಏನೆಂದರೆಂಬುದನ್ನು ಇಲ್ಲಿ ಬರೆಯುವುದು ಬೇಡ. ತಪ್ಪು ಎಲ್ಲಿ ನಡೆಯಿತೆಂದು ಹುಡುಕುತ್ತ ಹೋದಾಗ ತಿಳಿದುದು ಇಷ್ಟು: ಗರಿಗರಿತನವು ಎಣ್ಣೆ ಕೊಡುವ ಗುಣವಲ್ಲ; ನೀರು ಹೊರಟುಹೋದಲ್ಲಿ ಉಳಿಯುವ ಗುಣ.

ಬದನೆಕಾಯಿಯ ತೂಕದಲ್ಲಿ ನೂರಕ್ಕೆ ತೊಂಬತ್ತಕ್ಕಿಂತಲೂ ಹೆಚ್ಚು ಪಾಲು ನೀರು. ಅದರ ತಿರುಳಾದರೋ ಸ್ಪಂಜಿನಂತಹುದು. ಜೀವಕೋಶಗಳ ನಡುವೆ ಗಾಳಿ ತುಂಬಿದ ಸಣ್ಣ ಸಣ್ಣ ಎಡೆಗಳಿವೆ. ಹಸಿಯ ಕಾಯಿ ನೀರಿನಲ್ಲಿ ತೇಲುವುದು ಇದರಿಂದಲೇ. ಆ ಎಡೆಗಳಿಗೆ ಎಣ್ಣೆ ನುಗ್ಗಿದರೆ ಬಿಲ್ಲೆ ಜಿಡ್ಡಿನ ಮುದ್ದೆಯಾಗುತ್ತದೆ. ಇನ್ನು ನೀರಿನ ಸಂಗತಿ. ತೆರೆದ ಪಾತ್ರೆಯಲ್ಲಿ ನೀರು 100 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕುದಿಯುತ್ತದೆಂದು ವಿಜ್ಞಾನಪಾಠದಲ್ಲಿ ಓದಿದ್ದೀರಿ. ಎಣ್ಣೆಯು 175 ಡಿಗ್ರಿಯಲ್ಲಿದ್ದರೂ, ಹೊದಿಕೆಯಲ್ಲಿ ತೇವವಿರುವ ತನಕ ಅದರ ಉಷ್ಣತೆ 100ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಬಂದ ಕಾವೆಲ್ಲ ನೀರನ್ನು ಆವಿ ಮಾಡುವುದಕ್ಕೇ ವ್ಯಯವಾಗುತ್ತದೆ. ತೇವ ಆರಿದ ಮೇಲಷ್ಟೇ ಹೊದಿಕೆಯ ಕಾವು ಏರಿ, ಅದು ಹೊಂಬಣ್ಣಕ್ಕೆ ತಿರುಗಿ, ಗಟ್ಟಿಯಾಗಿ, ಹಲ್ಲಿಗೆ ಸಿಕ್ಕಾಗ ಸದ್ದು ಮಾಡುತ್ತದೆ. ಹೀಗಿರಲು, ಒಳಗಿನ ನೀರನ್ನು ಮೊದಲೇ ಕಡಿಮೆ ಮಾಡಿಕೊಳ್ಳುವುದೇ ಜಾಣತನ.

ಸುಮಾರು 400 ಗ್ರಾಂ ತೂಗುವ, ದುಂಡನೆಯ, ಹೊಳಪುಳ್ಳ ಎಳೆಯ ಬದನೆಯೊಂದನ್ನು ಆರಿಸಿರಿ. ಉಡುಪಿಯ ಕಡೆಯ ಮಟ್ಟುಗುಳ್ಳ ದೊರೆತರಂತೂ ಲೇಸು. 2011ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ಕಾಯಿ ಅದು. ಹಿಚುಕಿದರೆ ಒಳಕ್ಕೆ ತಗ್ಗಿ ಅಲ್ಲಿಯೇ ನಿಲ್ಲುವಂತಹುದು ಬಲಿತ ಕಾಯಿ. ಬೀಜವೇ ಹೆಚ್ಚಾಗಿರುವ ಅದನ್ನು ಬಿಟ್ಟುಬಿಡಿರಿ. ಸಿಪ್ಪೆ ತೆಗೆಯದೆ ಸುಮಾರು 8 ಮಿಲಿಮೀಟರ್ ದಪ್ಪಕ್ಕೆ ಕೊಯ್ದರೆ ಹನ್ನೆರಡರಷ್ಟು ಬಿಲ್ಲೆಗಳಾಗುತ್ತವೆ. ಇದಕ್ಕಿಂತ ತೆಳುವಾದರೆ ಒಳಗೆ ತಿರುಳೇ ಉಳಿಯದು. ದಪ್ಪವಾದರೆ ಹೊರಗೆ ಕಂದಿದರೂ ಒಳಗೆ ಹಸಿ. ಒಂದು ಚಹಾಚಮಚ ಉಪ್ಪನ್ನು ಎರಡೂ ಮಗ್ಗುಲಿಗೆ ಸವರಿ, ತೂತುಗಳುಳ್ಳ ಪಾತ್ರೆಯಲ್ಲಿ ಅರ್ಧ ಗಂಟೆ ಬಿಡಿರಿ. ಸ್ವಲ್ಪ ಹೊತ್ತಿನಲ್ಲೇ ಬಿಲ್ಲೆಗಳ ಮೈಮೇಲೆ ಬೆವರಿನಂತೆ ಹನಿಗಳು ಮೂಡುವುದನ್ನು ಮಕ್ಕಳು ಕಣ್ಣಾರೆ ಕಾಣಬಹುದು. ಹೊರಗಿನ ಉಪ್ಪು ಜೀವಕೋಶಗಳ ಒಳಗಿನ ನೀರನ್ನು ಸೆಳೆಯುವ ಈ ಕ್ರಿಯೆಗೆ ಅಭಿಸರಣ ಎಂದು ಹೆಸರು. ನೀರು ಕಳೆದುಕೊಂಡ ಕೋಶಗಳು ಸೊರಗಿ, ನಡುವಿನ ಗಾಳಿಯ ಎಡೆಗಳೂ ಕುಗ್ಗುತ್ತವೆ. ಎಣ್ಣೆಗೆ ಹೋಗಲು ದಾರಿ ಕಿರಿದಾಗುತ್ತದೆ. ಉಪ್ಪು ಹಾಕುವುದು ಕಹಿ ತೆಗೆಯಲೆಂದು ಹಿರಿಯರು ಹೇಳುವುದುಂಟು. ಈಗಿನ ತಳಿಗಳಲ್ಲಿ ಕಹಿ ಅಷ್ಟಾಗಿ ಇಲ್ಲ, ಆದರೂ ಹಿರಿಯರ ಕ್ರಮವನ್ನು ಬಿಡಬಾರದೆಂದೇ ನಮ್ಮ ಅಭಿಪ್ರಾಯ. ಅರ್ಧ ಗಂಟೆಯ ಬಳಿಕ ಶುಭ್ರವಾದ ಬಟ್ಟೆಯ ನಡುವೆ ಇಟ್ಟು ಅಂಗೈಯಿಂದ ಒತ್ತಿ, ತೇವವನ್ನೂ ಹೆಚ್ಚಿನ ಉಪ್ಪನ್ನೂ ಒರಸಿಬಿಡಿರಿ. ನೀರಿನಲ್ಲಿ ತೊಳೆಯಕೂಡದು.

ಬಿಲ್ಲೆಗಳು ಬೆವರುತ್ತಿರುವಾಗಲೇ ಹುಡಿಯ ಕೆಲಸ ಮುಗಿಸಬಹುದು. ಹಿಂದಿನ ದಿನದ ಬ್ರೆಡ್ಡಿನ ನಾಲ್ಕು ತುಂಡುಗಳನ್ನು ಬಿಸಿಲಿನಲ್ಲಾಗಲಿ ಸಣ್ಣ ಉರಿಯ ಕಾವಲಿಯ ಮೇಲಾಗಲಿ ಒಣಗಿಸಿ, ತರಿತರಿಯಾಗಿ ಪುಡಿ ಮಾಡಿರಿ. ಸಿಹಿಯಿಲ್ಲದ ರಸ್ಕು ಆದರೂ ಸರಿ. ಎರಡೂ ಇಲ್ಲವಾದರೆ ಸಣ್ಣ ರವೆ. ನಾಲ್ಕು ಚಮಚ ಮೈದಾ, ಒಂದು ಚಮಚ ಅಕ್ಕಿಹಿಟ್ಟು, ಒಂದು ಚಹಾಚಮಚ ಮೆಣಸಿನಪುಡಿ, ಚಿಟಿಕೆ ಅರಸಿನ, ಚಿಟಿಕೆ ಇಂಗು ಇವುಗಳನ್ನು ನೀರಿನಲ್ಲಿ ದೋಸೆಹಿಟ್ಟಿಗಿಂತ ಸ್ವಲ್ಪ ತೆಳುವಾಗಿ ಕಲಸಿರಿ. ಉಪ್ಪು ಬೇಡ, ಬಿಲ್ಲೆಯಲ್ಲೇ ಇದೆ. ಒರಸಿದ ಬಿಲ್ಲೆಗೆ ಮೊದಲು ಒಣ ಮೈದಾ ತೆಳುವಾಗಿ ಸವರಬೇಕು. ನಾವು ಅಂದು ಬಿಟ್ಟಿದ್ದ ಹೆಜ್ಜೆ ಇದೇ. ಒದ್ದೆಯ ಮೈಗೆ ಒದ್ದೆಯ ಕಲಸು ಹಿಡಿಯದು. ನಡುವಿನ ಒಣಹಿಟ್ಟು ಉಳಿದ ತೇವವನ್ನು ಹೀರಿ ಅಂಟಿನಂತೆ ಎರಡನ್ನೂ ಹಿಡಿದುಕೊಳ್ಳುತ್ತದೆ. ಬಳಿಕ ಕಲಸಿನಲ್ಲಿ ಅದ್ದಿ, ಹುಡಿಯಲ್ಲಿ ಒತ್ತಿ ಹೊರಳಿಸಿ, ತಟ್ಟೆಯಲ್ಲಿ ಒಂದರ ಮೇಲೊಂದು ಬೀಳದಂತೆ ಕಾಲು ಗಂಟೆ ಬಿಡಿರಿ. ಅಷ್ಟರಲ್ಲಿ ಹುಡಿಯು ನೆನೆದು ನೆಲೆಗೊಳ್ಳುತ್ತದೆ.

ಬಾಣಲೆಯಲ್ಲಿ ಎರಡು ಸೆಂಟಿಮೀಟರ್ ಆಳಕ್ಕೆ ಎಣ್ಣೆ ಸಾಕು. ಒಂದು ಚಿಟಿಕೆ ಹುಡಿ ಹಾಕಿದರೆ ಅದು ಸ್ವಲ್ಪ ಮುಳುಗಿ ಒಡನೆಯೇ ಗುಳ್ಳೆಗಳೊಂದಿಗೆ ಮೇಲೇಳಬೇಕು. ತಳದಲ್ಲೇ ಕುಳಿತರೆ ಕಾವು ಸಾಲದು. ಬಿದ್ದೊಡನೆ ಕಪ್ಪಾದರೆ ಹೆಚ್ಚಾಯಿತು. ಒಂದು ಸಲಕ್ಕೆ ಮೂರು ನಾಲ್ಕು ಬಿಲ್ಲೆಗಳಿಗಿಂತ ಹೆಚ್ಚು ಹಾಕಿದರೆ ಎಣ್ಣೆ ತಣಿದು, ಕರಿಯುವ ಬದಲು ನೆನೆಯುವ ಕೆಲಸ ನಡೆಯುತ್ತದೆ. ಒಂದೊಂದು ಮಗ್ಗುಲಿಗೆ ಎರಡು ನಿಮಿಷದಷ್ಟು ಬೇಕು. ಕಿವಿಯಿಟ್ಟು ಕೇಳಿರಿ: ಮೊದಲು ಜೋರಾಗಿ ಕೇಳುವ ಚೊರಚೊರ ಶಬ್ದವು ಆವಿ ಹೊರಡುವ ಸದ್ದು. ಅದು ಕುಗ್ಗಿ, ಗುಳ್ಳೆಗಳು ವಿರಳವಾದಾಗ ಹೊದಿಕೆ ಒಣಗಿತೆಂದು ತಿಳಿಯಬೇಕು.

ಆವಿಯು ಹೊರಕ್ಕೆ ಬರುತ್ತಿರುವಷ್ಟು ಹೊತ್ತು ಎಣ್ಣೆಗೆ ಒಳಹೋಗಲು ಎಡೆಯಿಲ್ಲ. ಮೇಲೆತ್ತಿ ತಣಿಯತೊಡಗಿದಾಗ ಒಳಗಿನ ಆವಿ ಮತ್ತೆ ನೀರಾಗಿ, ತೆರವಾದ ರಂಧ್ರಗಳಿಗೆ ಮೈಮೇಲಿನ ಎಣ್ಣೆ ಸೆಳೆಯಲ್ಪಡುತ್ತದೆ. ಆದುದರಿಂದ ಎತ್ತಿದ ಕೂಡಲೇ ಜಾಲರಿ ಸೌಟಿನಲ್ಲಿ ಅಲುಗಿಸಿ ಎಣ್ಣೆ ಬಸಿಯಬೇಕು. ತಂತಿಜಾಲರಿಯ ಮೇಲೋ ಬೆತ್ತದ ತಟ್ಟೆಯಲ್ಲೋ ಬಿಡಿಬಿಡಿಯಾಗಿ ಹರಡಬೇಕು. ರಾಶಿ ಹಾಕಿ ಮುಚ್ಚಿದರೆ ತನ್ನ ಆವಿಯಿಂದಲೇ ತಾನು ಮೆತ್ತಗಾಗುತ್ತದೆ.

ಇಷ್ಟೆಲ್ಲ ಮಾಡಿದರೂ ಈ ಗರಿಗರಿತನಕ್ಕೆ ಆಯುಸ್ಸು ಕಡಿಮೆ. ಒಳಗಿನ ತಿರುಳಿನ ತೇವವು ಮೆಲ್ಲನೆ ಹೊದಿಕೆಗೆ ಏರುತ್ತದೆ. ಕಾಲು ಗಂಟೆ ಕಳೆದರೆ ಮೊದಲಿನ ರುಚಿಯಿಲ್ಲ. ನಮ್ಮ ಮನೆಗಳಲ್ಲಿ ಇದರ ಪರಿಣಾಮವೇನೆಂದು ಯೋಚಿಸಿದ್ದೀರಾ? ಒಲೆಯ ಬಳಿ ನಿಂತ ತಾಯಿಯು ಬಿಸಿಬಿಸಿಯಾಗಿ ಎಲ್ಲರಿಗೂ ಬಡಿಸುತ್ತಾಳೆ. ತಾನು ಕುಳಿತುಕೊಳ್ಳುವ ಹೊತ್ತಿಗೆ ಉಳಿದಿರುವ ಎರಡು ಬಿಲ್ಲೆಗಳು ತಣ್ಣಗಾಗಿ ಮೆತ್ತಗಾಗಿರುತ್ತವೆ. ವರ್ಷಗಟ್ಟಲೆ ಪೋಡಿ ಕರಿದ ಕೈಗಳಿಗೆ ಗರಿಯಾದುದನ್ನು ತಿನ್ನುವ ಯೋಗ ಎಷ್ಟು ಸಲ ಬಂದಿದ್ದೀತು? ದೊಡ್ಡ ತರಗತಿಯ ಹುಡುಗರೂ ಹುಡುಗಿಯರೂ ಇದನ್ನು ಕಲಿಯಲಿ ಎಂದು ನಾವು ಬಯಸುವುದು ಮುಖ್ಯವಾಗಿ ಇದಕ್ಕಾಗಿ. ಹುಡುಗರಿಗೆ ಅಡಿಗೆಮನೆಯೇಕೆ ಎಂಬ ಪೋಷಕರಿದ್ದರೆ ಅವರೊಡನೆ ವಾದಕ್ಕಿಳಿಯುವುದಿಲ್ಲ. ಒಂದು ಸಂಜೆ ಪರೀಕ್ಷಿಸಿ ನೋಡಲಿ.

ಆದರೆ ಹಿರಿಯರೊಬ್ಬರು ಹತ್ತಿರವಿಲ್ಲದೆ ಮಕ್ಕಳು ಕಾದ ಎಣ್ಣೆಯ ಬಳಿ ಹೋಗಲೇಬಾರದು. ಬಿಲ್ಲೆಯನ್ನು ಮೇಲಿನಿಂದ ಎಸೆಯದೆ, ಬಾಣಲೆಯ ಅಂಚಿನಿಂದ ತಮಗೆ ಎದುರಾದ ದಿಕ್ಕಿಗೆ ಜಾರಿಸಬೇಕು. ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಸುರಿಯುವುದು ಮಹಾಪ್ರಮಾದ. ನೀರು ಎಣ್ಣೆಗಿಂತ ಭಾರ. ಅದು ತಳಕ್ಕಿಳಿದು ಕ್ಷಣಮಾತ್ರದಲ್ಲಿ ಆವಿಯಾಗಿ, ತನ್ನ ಗಾತ್ರದ ಸಾವಿರದ ಆರುನೂರು ಪಟ್ಟಿಗೂ ಮಿಕ್ಕಿ ಹಿಗ್ಗಿ, ಉರಿಯುವ ಎಣ್ಣೆಯನ್ನು ಮೇಲಕ್ಕೆ ಚಿಮ್ಮಿಸುತ್ತದೆ. ಒಲೆ ಆರಿಸಿ, ಬಾಣಲೆಯನ್ನು ಕದಲಿಸದೆ, ಲೋಹದ ಮುಚ್ಚಳವನ್ನು ಪಕ್ಕದಿಂದ ಸರಿಸಿ ಮುಚ್ಚಿದರೆ ಗಾಳಿಯಿಲ್ಲದೆ ಬೆಂಕಿ ನಂದುತ್ತದೆ.

ಉಳಿದ ಎಣ್ಣೆಯ ಸಂಗತಿಯೂ ಗೃಹಿಣಿಯರಿಗೆ ತಲೆನೋವೇ. ತಳದಲ್ಲಿ ಬಿದ್ದ ಹುಡಿ ಸುಟ್ಟು ಕರಿಯಾಗಿ ಎಣ್ಣೆಯನ್ನು ಬೇಗ ಕೆಡಿಸುತ್ತದೆ. ಆರಿದ ಮೇಲೆ ಬಟ್ಟೆಯಲ್ಲಿ ಸೋಸಿ, ಕೆಲವೇ ದಿನಗಳಲ್ಲಿ ಒಗ್ಗರಣೆಗೆ ಬಳಸಿ ಮುಗಿಸುವುದು ಒಳ್ಳೆಯದು. ಕೆಟ್ಟ ಎಣ್ಣೆಯಲ್ಲಿ ಹೆಚ್ಚುವ ಪೋಲಾರ್ ಸಂಯುಕ್ತಗಳು ನೂರಕ್ಕೆ 25ನ್ನು ಮೀರಿದರೆ ಅದನ್ನು ಬಳಸಬಾರದೆಂದು ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮವು 2018ರ ಜುಲೈ 1ರಿಂದ ಜಾರಿಗೆ ಬಂದಿತು. ಮನೆಯಲ್ಲಿ ಅದನ್ನು ಅಳೆಯುವ ಸಾಧನವಿಲ್ಲ. ಬಣ್ಣ ಕಪ್ಪಾಗುವುದು, ಅಂಟಂಟಾಗುವುದು, ನೊರೆ ಏಳುವುದು, ಕಾಯುವ ಮೊದಲೇ ಹೊಗೆಯಾಡುವುದು, ಇವು ಕಂಡರೆ ಚೆಲ್ಲಿಬಿಡಬೇಕು. ಮೋರಿಗೆ ಮಾತ್ರ ಸುರಿಯಬಾರದು.

ಬದನೆ ತಿಂದರೆ ಮೈ ತುರಿಸುವ ಕೆಲವರಿರುತ್ತಾರೆ. ಅವರಿಗೆ ಇದೇ ಕ್ರಮದಲ್ಲಿ ದೀಗುಜ್ಜೆಯ ಬಿಲ್ಲೆಗಳನ್ನು ಮಾಡಿಕೊಡಬಹುದು. ಅದರಲ್ಲಿ ನೀರು ಕಡಿಮೆಯಾದುದರಿಂದ ಹತ್ತು ನಿಮಿಷ ಉಪ್ಪಿನಲ್ಲಿಟ್ಟರೆ ಸಾಕು. ಕಡೆಗೆ ಉಳಿಯುವ ಕಲಸು ಮತ್ತು ಹುಡಿಯನ್ನು ಒಟ್ಟು ಸೇರಿಸಿ, ಹೆಚ್ಚಿದ ನೀರುಳ್ಳಿ, ಕರಿಬೇವು, ಚಿಟಿಕೆ ಉಪ್ಪು ಹಾಕಿ ಗಟ್ಟಿಯಾಗಿ ನಾದಿದರೆ ನಾಲ್ಕೈದು ಪುಟ್ಟ ವಡೆಗಳಾಗುತ್ತವೆ. ಅವನ್ನು ಅದೇ ಎಣ್ಣೆಯಲ್ಲಿ ಕೊನೆಯ ಸರದಿಯಾಗಿ ಕರಿದುಕೊಳ್ಳಿರಿ.