ಪ್ರವಾಸಿ ಮೋಟಾರ್‌ಸೈಕಲ್‌ಗಳ ಹಳೆಯ ಮತ್ತು ಹೊಸ ಮಾದರಿಗಳು: ವರ್ತಕರು ತಿಳಿಯಬೇಕಾದ ಲೆಕ್ಕ

2017ರ ಮಾರ್ಚ್ 29ರಂದು ಸುಪ್ರೀಂ ಕೋರ್ಟ್ ನೀಡಿದ ಆದೇಶವೊಂದು ದೇಶದ ವಾಹನ ವ್ಯಾಪಾರಕ್ಕೆ ಮರೆಯಲಾಗದ ಪಾಠವನ್ನು ಕಲಿಸಿತು. ಏಪ್ರಿಲ್ 1ರಿಂದ ಬಿ.ಎಸ್.-3 ಮಟ್ಟದ ವಾಹನಗಳನ್ನು ಮಾರುವಂತಿಲ್ಲ, ನೋಂದಾಯಿಸುವಂತಿಲ್ಲ ಎಂದು ನ್ಯಾಯಾಲಯ ಹೇಳಿದಾಗ ತಯಾರಕರು ಹಾಗೂ ಮಾರಾಟಗಾರರ ಬಳಿ ಉಳಿದಿದ್ದ ಇಂಥ ವಾಹನಗಳ ಸಂಖ್ಯೆ ಸುಮಾರು 8.24 ಲಕ್ಷ. ಅವುಗಳಲ್ಲಿ ಸುಮಾರು 6.71 ಲಕ್ಷ ದ್ವಿಚಕ್ರ ವಾಹನಗಳೇ ಆಗಿದ್ದವು. ಮಾರ್ಚ್ 31ರೊಳಗೆ ಮಾರಾಟವಾದುದಕ್ಕೆ ಪುರಾವೆ ಇದ್ದವುಗಳಿಗೆ ಮಾತ್ರ ನೋಂದಣಿಯ ವಿನಾಯಿತಿ ದೊರೆಯಿತು. ಉಳಿದ ಎರಡು ದಿನಗಳಲ್ಲಿ ಮಾರಾಟಗಾರರು ಸಾವಿರಾರು ರೂಪಾಯಿಗಳ ರಿಯಾಯಿತಿ ನೀಡಿ ಸರಕನ್ನು ಖಾಲಿ ಮಾಡಬೇಕಾಯಿತು. ಆ ಎರಡು ದಿನಗಳಲ್ಲಿ ವಾಹನಗಳ ಎಂಜಿನ್ ಕೆಟ್ಟಿರಲಿಲ್ಲ, ಬಣ್ಣ ಮಾಸಿರಲಿಲ್ಲ. ಬದಲಾದದ್ದು ಅವುಗಳ ಮೌಲ್ಯ ಮಾತ್ರ.

ವಾಹನದ ‘ಮಾದರಿ ವರ್ಷ’ ಎಂಬುದು ಸವಾರರ ಹರಟೆಯ ವಿಷಯವಷ್ಟೇ ಅಲ್ಲ, ವ್ಯಾಪಾರದ ಲೆಕ್ಕಪುಸ್ತಕಕ್ಕೆ ನೇರವಾಗಿ ಸಂಬಂಧಿಸಿದ ವಿಷಯ ಎಂಬುದಕ್ಕೆ ಇದು ಸಾಕ್ಷಿ. ಬಿಡಿಭಾಗಗಳ ವರ್ತಕರು, ಲಗೇಜ್ ಚೌಕಟ್ಟು ಹಾಗೂ ರಕ್ಷಣಾ ಸರಳುಗಳನ್ನು ತಯಾರಿಸುವ ಸಣ್ಣ ಘಟಕಗಳು, ಬಳಸಿದ ವಾಹನಗಳನ್ನು ಕೊಂಡು ಮಾರುವವರು — ಈ ಮೂವರೂ ಹಳೆಯ ಮಾದರಿಗೂ ಹೊಸ ಮಾದರಿಗೂ ಇರುವ ವ್ಯತ್ಯಾಸವನ್ನು ಸರಿಯಾಗಿ ಓದಲು ಕಲಿತಿರಬೇಕು. ದೂರಪ್ರಯಾಣದ ಮೋಟಾರ್‌ಸೈಕಲ್‌ಗಳ ವಿಷಯದಲ್ಲಿ ಇದು ಇನ್ನೂ ಮುಖ್ಯ. ಏಕೆಂದರೆ ಈ ವಾಹನಗಳ ಒಡೆಯರು ವಾಹನ ಕೊಂಡ ನಂತರವೂ ಪೆಟ್ಟಿಗೆ, ಗಾಳಿತಡೆ, ಆಸನ, ಗಾರ್ಡ್, ದೀಪ ಮುಂತಾದವುಗಳಿಗೆ ಗಣನೀಯ ಹಣ ವೆಚ್ಚ ಮಾಡುತ್ತಾರೆ.

ಬದಲಾವಣೆಗಳ ಮೂರು ಬಗೆ

ಪ್ರತಿ ವರ್ಷವೂ ‘ಹೊಸ ಮಾದರಿ’ ಎಂದು ಜಾಹೀರಾತು ಬರುತ್ತದೆ. ಆದರೆ ಎಲ್ಲ ಹೊಸತನವೂ ಒಂದೇ ತೂಕದ್ದಲ್ಲ. ವ್ಯಾಪಾರದ ದೃಷ್ಟಿಯಿಂದ ಬದಲಾವಣೆಗಳನ್ನು ಮೂರು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು ಹೊರ ಅಲಂಕಾರದ ಅಥವಾ ಚಿಕ್ಕಪುಟ್ಟ ಸುಧಾರಣೆಯ ಬದಲಾವಣೆ. ಎರಡನೆಯದು ಕಾನೂನಿನ ಒತ್ತಾಯದಿಂದ ಬರುವ ಬದಲಾವಣೆ. ಮೂರನೆಯದು ಎಂಜಿನ್ ಮತ್ತು ಚೌಕಟ್ಟು ಎರಡೂ ಹೊಸದಾಗುವ ಬುಡಮಟ್ಟದ ಬದಲಾವಣೆ. ಮೊದಲನೆಯ ಬಗೆಯ ದಿನಾಂಕ ಮೊದಲೇ ತಿಳಿಯುವುದಿಲ್ಲ, ಆದರೆ ಅದರ ಹಾನಿ ಸಣ್ಣದು. ಎರಡನೆಯ ಬಗೆಯ ದಿನಾಂಕ ಸಾಮಾನ್ಯವಾಗಿ ಬಹಳ ಮೊದಲೇ ಪ್ರಕಟವಾಗಿರುತ್ತದೆ. ಮೂರನೆಯ ಬಗೆ ಅಪರೂಪ, ಆದರೆ ಅದು ಹಳೆಯ ಅಚ್ಚುಗಳನ್ನು ಮೂಲೆಗೆ ತಳ್ಳಬಲ್ಲದು.

ಒಂದೇ ಹೆಸರಿನ ಎರಡು ತಲೆಮಾರು

ಈ ಮೂರೂ ಬಗೆಗಳನ್ನು ಒಂದೇ ವಾಹನದಲ್ಲಿ ಕಾಣಬೇಕಾದರೆ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ ಉತ್ತಮ ಉದಾಹರಣೆ. 2016ರ ಮಾರ್ಚ್‌ನಲ್ಲಿ ಬಿಡುಗಡೆಯಾದ ಈ ಮೋಟಾರ್‌ಸೈಕಲ್ 411 ಸಿ.ಸಿ.ಯ ಒಂಟಿ ಸಿಲಿಂಡರ್ ಎಂಜಿನ್, ಐದು ಗೇರ್ ಹಾಗೂ ಕಾರ್ಬುರೇಟರ್ ಹೊಂದಿತ್ತು. 2017ರಲ್ಲಿ ಬಿ.ಎಸ್.-4 ನಿಯಮ ಜಾರಿಗೆ ಬಂದಾಗ ಕಾರ್ಬುರೇಟರ್‌ನ ಜಾಗಕ್ಕೆ ಇಂಧನ ಇಂಜೆಕ್ಷನ್ ವ್ಯವಸ್ಥೆ ಬಂದಿತು. 125 ಸಿ.ಸಿ.ಗಿಂತ ಹೆಚ್ಚಿನ ದ್ವಿಚಕ್ರ ವಾಹನಗಳಿಗೆ ಎ.ಬಿ.ಎಸ್. ಬ್ರೇಕ್ ವ್ಯವಸ್ಥೆಯನ್ನು ಹೊಸ ಮಾದರಿಗಳಲ್ಲಿ 2018ರ ಏಪ್ರಿಲ್‌ನಿಂದಲೂ, ಈಗಾಗಲೇ ಮಾರಾಟದಲ್ಲಿದ್ದ ಮಾದರಿಗಳಲ್ಲಿ 2019ರ ಏಪ್ರಿಲ್‌ನಿಂದಲೂ ಕಡ್ಡಾಯಗೊಳಿಸಲಾಯಿತು. 2020ರ ಏಪ್ರಿಲ್ 1ರಿಂದ ಬಿ.ಎಸ್.-6 ಜಾರಿಯಾಯಿತು. ಹೀಗೆ ನಾಲ್ಕು ವರ್ಷಗಳಲ್ಲಿ ಹೊರನೋಟಕ್ಕೆ ಹೆಚ್ಚು ಬದಲಾಗದ ಒಂದೇ ವಾಹನವು ಒಳಗೆ ಹಲವು ಸಲ ಬದಲಾಯಿತು. 2016ರ ವಾಹನಕ್ಕೆ ಕಾರ್ಬುರೇಟರ್ ರಿಪೇರಿ ಕಿಟ್ ಬೇಕು. 2018ರ ವಾಹನಕ್ಕೆ ಅದರ ಅಗತ್ಯವೇ ಇಲ್ಲ, ಅದರ ಬದಲು ಇಂಧನ ಪಂಪ್, ಸೆನ್ಸರ್ ಹಾಗೂ ಇಂಜೆಕ್ಟರ್ ಸ್ವಚ್ಛಗೊಳಿಸುವ ಸಾಧನ ಬೇಕು.

2021ರ ಮಾದರಿಯಲ್ಲಿ ಬಂದದ್ದು ಮೊದಲನೆಯ ಬಗೆಯ ಬದಲಾವಣೆ. ದಾರಿ ತೋರಿಸುವ ಚಿಕ್ಕ ಪರದೆಯ ಜೊತೆಗೆ ಗಾಳಿತಡೆ ಮತ್ತು ಆಸನ ಸುಧಾರಿಸಿದವು. ಎತ್ತರದ ಸವಾರರ ಮೊಣಕಾಲಿಗೆ ತಗಲದಂತೆ ಟ್ಯಾಂಕಿನ ಪಕ್ಕದ ಮುಂಭಾಗದ ಚೌಕಟ್ಟನ್ನು ಚಿಕ್ಕದಾಗಿಸಿ ಮುಂದಕ್ಕೆ ಸರಿಸಲಾಯಿತು. ಸವಾರನಿಗೆ ಇದು ಸಣ್ಣ ಅನುಕೂಲ. ಆದರೆ ಆ ಚೌಕಟ್ಟಿಗೆ ಹೊಂದುವ ಇಂಧನ ಕ್ಯಾನ್‌ನ ಹಿಡಿಕೆಯನ್ನು ತಯಾರಿಸುವ ಘಟಕಕ್ಕೆ ಅಳತೆಯೇ ಬದಲಾದಂತೆ. ಚಿಕ್ಕ ಬದಲಾವಣೆ ಎಂದು ಕೈಬಿಟ್ಟವರು ‘ಎಲ್ಲ ವರ್ಷದ ಹಿಮಾಲಯನ್‌ಗೆ ಹೊಂದುತ್ತದೆ’ ಎಂದು ಮುದ್ರಿಸಿ ಗ್ರಾಹಕರಿಂದ ಸರಕನ್ನು ವಾಪಸು ಪಡೆಯಬೇಕಾದೀತು.

ಬುಡಮಟ್ಟದ ಬದಲಾವಣೆ 2023ರ ನವೆಂಬರ್‌ನಲ್ಲಿ ಬಂದಿತು. ಹೆಸರು ಹಿಮಾಲಯನ್ ಎಂದೇ ಉಳಿದರೂ ವಾಹನ ಪೂರ್ತಿ ಹೊಸದು. ಎರಡನ್ನೂ ಅಕ್ಕಪಕ್ಕದಲ್ಲಿಟ್ಟರೆ ವ್ಯತ್ಯಾಸ ಹೀಗೆ ಕಾಣುತ್ತದೆ:

ಎಂಜಿನ್: ಹಳೆಯದು 411 ಸಿ.ಸಿ., ಗಾಳಿ ಮತ್ತು ಎಣ್ಣೆಯಿಂದ ತಂಪಾಗುವಂಥದು; ಹೊಸದು 452 ಸಿ.ಸಿ., ದ್ರವದಿಂದ ತಂಪಾಗುವಂಥದು.
ಶಕ್ತಿ: ಹಳೆಯದು ಸುಮಾರು 24 ಅಶ್ವಶಕ್ತಿ, ಹೊಸದು ಸುಮಾರು 40 ಅಶ್ವಶಕ್ತಿ.
ಟಾರ್ಕ್: ಹಳೆಯದು 32 ನ್ಯೂಟನ್ ಮೀಟರ್, ಹೊಸದು 40 ನ್ಯೂಟನ್ ಮೀಟರ್.
ಗೇರ್: ಹಳೆಯದು ಐದು; ಹೊಸದು ಆರು.
ಇಂಧನ ಟ್ಯಾಂಕ್: ಹಳೆಯದು 15 ಲೀಟರ್, ಹೊಸದು 17 ಲೀಟರ್.
ಸಿದ್ಧ ತೂಕ: ಹಳೆಯದರ 2020ರ ಮಾದರಿ 199 ಕೆ.ಜಿ.; ಹೊಸದು 196 ಕೆ.ಜಿ.
ಮುಂದಿನ ಟೈರ್: ಎರಡರಲ್ಲೂ 90/90, 21 ಅಂಗುಲ.
ಹಿಂದಿನ ಟೈರ್: ಹಳೆಯದು 120/90, 17 ಅಂಗುಲ, ಹೊಸದು 140/80, 17 ಅಂಗುಲ.

ಸವಾರ ಈ ಪಟ್ಟಿಯಲ್ಲಿ ಶಕ್ತಿಯನ್ನು ಮೊದಲು ನೋಡುತ್ತಾನೆ. ವರ್ತಕ ನೋಡಬೇಕಾದದ್ದು ಬೇರೆ. ಮುಂದಿನ ಟೈರ್ ಮತ್ತು ಅದರ ಟ್ಯೂಬ್ ಎರಡು ತಲೆಮಾರಿಗೂ ಒಂದೇ ಅಳತೆಯವು. ಆ ಸರಕನ್ನು ಧೈರ್ಯವಾಗಿ ಇಡಬಹುದು. ಹಿಂದಿನ ಟೈರ್ ಹಾಗಲ್ಲ. ಅಲ್ಲದೆ ಹೊಸ ಮಾದರಿಗೆ ಟ್ಯೂಬ್ ಬೇಡದ ಕಡ್ಡಿಚಕ್ರಗಳೂ ಆಯ್ಕೆಯಾಗಿ ಬಂದಿರುವುದರಿಂದ ಟ್ಯೂಬ್ ವ್ಯಾಪಾರದ ಲೆಕ್ಕದಲ್ಲಿ ಅದನ್ನೂ ಗಮನಿಸಬೇಕು. ಚೌಕಟ್ಟು ಬೇರೆಯಾದ್ದರಿಂದ ಹಳೆಯ ಕ್ರ್ಯಾಷ್ ಗಾರ್ಡ್ ಮತ್ತು ಪೆಟ್ಟಿಗೆಯ ಸ್ಟ್ಯಾಂಡ್ ಹೊಸದಕ್ಕೆ ಕೂರುವುದಿಲ್ಲ. ಆದರೆ ಒಂದು ಬಾಗಿಲು ಮುಚ್ಚಿದಲ್ಲಿ ಇನ್ನೊಂದು ತೆರೆದಿದೆ: ದ್ರವದಿಂದ ತಂಪಾಗುವ ಎಂಜಿನ್ನಿಗೆ ರೇಡಿಯೇಟರ್ ಇದೆ, ಕಲ್ಲಿನ ಪೆಟ್ಟಿನಿಂದ ಅದನ್ನು ಕಾಯುವ ಜಾಲರಿ ಬೇಕು, ಕೂಲೆಂಟ್ ದ್ರವ ಬೇಕು, ಅದರ ರಬ್ಬರ್ ಕೊಳವೆಗಳು ಬೇಕು. ಹಳೆಯ ವಾಹನಕ್ಕೆ ಈ ಸರಕುಗಳ ಅಗತ್ಯವೇ ಇರಲಿಲ್ಲ.

ಹಳೆಯ ಮಾದರಿಯ ಉತ್ಪಾದನೆ ನಿಂತರೆ ಅದರ ಬಿಡಿಭಾಗಗಳ ಮಾರುಕಟ್ಟೆಯೂ ನಿಲ್ಲುತ್ತದೆಂದು ಭಾವಿಸಬಾರದು. 411 ಸಿ.ಸಿ. ಎಂಜಿನ್ ಮತ್ತು ಚೌಕಟ್ಟಿನ ಆಧಾರದ ಮೇಲೆಯೇ 2022ರಲ್ಲಿ ಸ್ಕ್ರಾಮ್ 411 ಬಂದಿತು. ಅದೇ ವಂಶದ ಎಂಜಿನ್ 443 ಸಿ.ಸಿ.ಗೆ ಹಿಗ್ಗಿ 2025ರಲ್ಲಿ ಸ್ಕ್ರಾಮ್ 440 ಆಯಿತು. ಆದುದರಿಂದ ಯಾವ ಭಾಗ ಯಾವ ಕವಲಿಗೆ ಹರಿಯಿತು ಎಂಬುದನ್ನು ಭಾಗದ ಸಂಖ್ಯೆಯನ್ನು ಹೋಲಿಸಿ ತಿಳಿಯಬೇಕು, ಹೆಸರನ್ನಾಗಲಿ ಸಿ.ಸಿ.ಯನ್ನಾಗಲಿ ನೋಡಿ ನಿರ್ಧರಿಸಬಾರದು.

ಹೆಸರು ಉಳಿದು ವಸ್ತು ಬದಲಾದಾಗ

ಹೆಸರನ್ನು ನಂಬುವುದರ ಅಪಾಯಕ್ಕೆ ಮೈಸೂರಿನದೇ ಉದಾಹರಣೆ ಇದೆ. 1961ರಲ್ಲಿ ಮೈಸೂರಿನಲ್ಲಿ ಉತ್ಪಾದನೆ ಆರಂಭಿಸಿದ ಐಡಿಯಲ್ ಜಾವಾ ಕಾರ್ಖಾನೆಯು 1996ರಲ್ಲಿ ಮುಚ್ಚಿತು. ಅಲ್ಲಿ ತಯಾರಾದ ಯೆಜ್ಡಿ ರೋಡ್‌ಕಿಂಗ್ 250 ಸಿ.ಸಿ. ವರ್ಗದ ಎರಡು ಸ್ಟ್ರೋಕಿನ ವಾಹನ. 2022ರ ಜನವರಿಯಲ್ಲಿ ಯೆಜ್ಡಿ ಎಂಬ ಹೆಸರು ಮರಳಿ ಬಂದಾಗ ದೂರಪ್ರಯಾಣಕ್ಕೆಂದೇ ರೂಪಿಸಿದ ಯೆಜ್ಡಿ ಅಡ್ವೆಂಚರ್ ಸಹ ಅದರಲ್ಲಿತ್ತು. ಅದು 334 ಸಿ.ಸಿ.ಯ, ದ್ರವದಿಂದ ತಂಪಾಗುವ ನಾಲ್ಕು ಸ್ಟ್ರೋಕಿನ ವಾಹನ. ಟ್ಯಾಂಕಿನ ಮೇಲಿನ ಹೆಸರನ್ನು ಬಿಟ್ಟರೆ ಎಂಜಿನ್ನಿನ ಮಟ್ಟಿಗೆ ಇವೆರಡಕ್ಕೂ ನಂಟಿಲ್ಲ. ಹಳೆಯ ಯೆಜ್ಡಿಯ ಪಿಸ್ಟನ್ ಉಂಗುರಗಳನ್ನು ಇಟ್ಟಿರುವ ವರ್ತಕನಿಗೆ ಹೊಸ ಯೆಜ್ಡಿ ಗ್ರಾಹಕನನ್ನು ತರುವುದಿಲ್ಲ. ಅವನ ಗ್ರಾಹಕರು ಹಳೆಯ ವಾಹನವನ್ನು ಪ್ರೀತಿಯಿಂದ ಉಳಿಸಿಕೊಂಡಿರುವ ಹವ್ಯಾಸಿಗಳು ಮಾತ್ರ.

ಹೊಸದೆಂದರೆ ಎಲ್ಲದರಲ್ಲೂ ಹೆಚ್ಚೆಂದು ತಿಳಿಯುವುದೂ ತಪ್ಪು. ಪ್ರವಾಸಿ ಮೋಟಾರ್‌ಸೈಕಲ್‌ಗಳಲ್ಲಿ ಜಗತ್ಪ್ರಸಿದ್ಧವಾದ ಹೋಂಡಾ ಗೋಲ್ಡ್ ವಿಂಗ್ 2001ರ ಮಾದರಿಯ ಮೂಲ ವಿನ್ಯಾಸವನ್ನು 2017ರವರೆಗೂ ಉಳಿಸಿಕೊಂಡಿತು. ಅಷ್ಟು ವರ್ಷ ತಳಹದಿ ಸ್ಥಿರವಾಗಿದ್ದುದು ಪೂರಕ ಸಾಮಗ್ರಿ ತಯಾರಕರಿಗೆ ಅನುಕೂಲವಾಗಿತ್ತು. 2018ರ ಮಾದರಿ ಪೂರ್ತಿ ಹೊಸದಾಗಿ ಹತ್ತಾರು ಕೆ.ಜಿ. ಹಗುರವಾಯಿತು. ಆದರೆ ಇಂಧನ ಟ್ಯಾಂಕ್ 25 ಲೀಟರಿನಿಂದ 21 ಲೀಟರಿಗೆ ಇಳಿಯಿತು. ಸಾಮಾನು ಇಡುವ ಪೆಟ್ಟಿಗೆಗಳ ಒಟ್ಟು ಸ್ಥಳವೂ ಸುಮಾರು 150 ಲೀಟರಿನಿಂದ 110 ಲೀಟರಿಗೆ ಇಳಿಯಿತು. ದೂರ ಹೋಗುವ ಸವಾರರಿಗೆ ಸಾಮಾನಿನ ಸ್ಥಳ ಮುಖ್ಯ. 2021ರ ಮಾದರಿಯಲ್ಲಿ ಹಿಂದಿನ ಪೆಟ್ಟಿಗೆಯನ್ನು 50 ಲೀಟರಿನಿಂದ 61 ಲೀಟರಿಗೆ ದೊಡ್ಡದು ಮಾಡಲಾಯಿತು. ಹೊಸ ಮಾದರಿಯಲ್ಲಿ ಏನು ಕಡಿಮೆಯಾಗಿದೆ ಎಂದು ಹುಡುಕುವ ಸಣ್ಣ ಉದ್ಯಮಿಗೆ ಅಲ್ಲಿಯೇ ಬೇಡಿಕೆಯ ಸುಳಿವು ಸಿಗುತ್ತದೆ.

ಅಚ್ಚಿನ ಹಣ ಮರಳುವ ಲೆಕ್ಕ

ಒಂದು ಘಟಕವು ನಿರ್ದಿಷ್ಟ ಮಾದರಿಯೊಂದರ ಲಗೇಜ್ ಚೌಕಟ್ಟಿಗಾಗಿ ಡೈ ಮತ್ತು ಜಿಗ್‌ಗೆ 3 ಲಕ್ಷ ರೂಪಾಯಿ ಹಾಕಿದೆ ಎಂದು ಭಾವಿಸೋಣ. ಒಂದು ಚೌಕಟ್ಟಿಗೆ 300 ರೂಪಾಯಿ ಉಳಿದರೆ ಹೂಡಿದ ಹಣ ಮರಳಲು 1,000 ಚೌಕಟ್ಟು ಮಾರಬೇಕು. ತಿಂಗಳಿಗೆ 40 ಮಾರಾಟವಾದರೆ 25 ತಿಂಗಳು ಬೇಕು. 18ನೆಯ ತಿಂಗಳಿಗೆ ಆ ಮಾದರಿಯ ಅಳತೆ ಬದಲಾಗಿ ಬೇಡಿಕೆ ನಿಂತರೆ ಮಾರಾಟವಾಗಿರುವುದು 720 ಮಾತ್ರ. 280 ಚೌಕಟ್ಟುಗಳ ಉಳಿಕೆಯಾದ 84,000 ರೂಪಾಯಿ ಅಚ್ಚಿನಲ್ಲಿಯೇ ಸಿಕ್ಕಿಕೊಳ್ಳುತ್ತದೆ. ಇದಕ್ಕೆ ಪರಿಹಾರ ಎರಡು. ವಾಹನಕ್ಕೆ ಅಂಟಿಕೊಳ್ಳುವ ಹಿಡಿಕೆಯನ್ನು ಬೇರೆಯಾಗಿಯೂ ಪೆಟ್ಟಿಗೆ ಕೂರುವ ಮುಖ್ಯ ಚೌಕಟ್ಟನ್ನು ಎಲ್ಲ ಮಾದರಿಗೂ ಸಾಮಾನ್ಯವಾಗಿಯೂ ರೂಪಿಸಿದರೆ, ಮಾದರಿ ಬದಲಾದಾಗ ಹಿಡಿಕೆಯ ಚಿಕ್ಕ ಅಚ್ಚನ್ನು ಮಾತ್ರ ಬದಲಿಸಿದರೆ ಸಾಕು. ಎರಡನೆಯದಾಗಿ, ಹೊಸ ನಿಯಮ ಜಾರಿಯಾಗುವ ದಿನಾಂಕ ಸಮೀಪಿಸುತ್ತಿರುವಾಗ ಹಳೆಯ ಅಳತೆಗೆ ದೊಡ್ಡ ಹೂಡಿಕೆ ಮಾಡದಿರುವುದು.

ಬಳಸಿದ ವಾಹನ ಕೊಳ್ಳುವಾಗ

ನೋಂದಣಿಯ ದಿನಾಂಕವೂ ತಯಾರಿಕೆಯ ದಿನಾಂಕವೂ ಒಂದೇ ಅಲ್ಲ. ನೋಂದಣಿ ಪತ್ರದಲ್ಲಿ ತಯಾರಿಕೆಯ ತಿಂಗಳು ಮತ್ತು ವರ್ಷವನ್ನು ನೋಡಿ, ಚಾಸಿ ಮೇಲಿನ ಸಂಖ್ಯೆಯೊಡನೆ ತಾಳೆ ಹಾಕಬೇಕು. ವಿದೇಶಿ ಮಾದರಿಗಳ ವಿಷಯದಲ್ಲಿ ಇನ್ನೊಂದು ತೊಡಕಿದೆ: ಅಮೆರಿಕದಂಥ ಮಾರುಕಟ್ಟೆಗಳಲ್ಲಿ ಮುಂದಿನ ಮಾದರಿ ವರ್ಷದ ವಾಹನ ಹಿಂದಿನ ವರ್ಷವೇ ಮಾರಾಟಕ್ಕೆ ಬರುವುದುಂಟು. ಕಾರ್ಬುರೇಟರ್ ಕಾಲದ ವಾಹನವಾದರೆ ಇಂಧನದ ಕೊಳವೆ ಮತ್ತು ರಬ್ಬರ್ ಸೀಲುಗಳನ್ನು ವಿಶೇಷವಾಗಿ ಪರೀಕ್ಷಿಸಬೇಕು. ಪೆಟ್ರೋಲಿನಲ್ಲಿ ಎಥನಾಲ್ ಪ್ರಮಾಣ ಶೇ. 20ಕ್ಕೆ ಏರಿರುವುದರಿಂದ ಅದಕ್ಕೆಂದು ರೂಪಿಸದ ಹಳೆಯ ರಬ್ಬರ್ ಭಾಗಗಳು ಬೇಗ ಸವೆಯುವ ಸಂಭವವಿದೆ. ಎಥನಾಲ್ ತಾಳುವ ಕೊಳವೆ ಮತ್ತು ಸೀಲುಗಳಿಗೆ ಇದರಿಂದ ಬೇಡಿಕೆಯೂ ಇದೆ.

ತೆರಿಗೆಯೂ ಬೆಲೆಯನ್ನು ಅಲುಗಿಸುತ್ತದೆ. 2025ರ ಸೆಪ್ಟೆಂಬರ್ 22ರಿಂದ 350 ಸಿ.ಸಿ.ವರೆಗಿನ ಮೋಟಾರ್‌ಸೈಕಲ್‌ಗಳ ಜಿ.ಎಸ್.ಟಿ. ಶೇ. 28ರಿಂದ 18ಕ್ಕೆ ಇಳಿಯಿತು, 350 ಸಿ.ಸಿ. ಮೀರಿದವುಗಳಿಗೆ ಮೊದಲು ಉಪಕರವೂ ಸೇರಿ ಶೇ. 31 ಇದ್ದದ್ದು ಶೇ. 40 ಆಯಿತು. 334 ಸಿ.ಸಿ.ಯ ವಾಹನ ಗೆರೆಯ ಈಚೆಗೂ 452 ಸಿ.ಸಿ.ಯದು ಆಚೆಗೂ ನಿಂತಿತು. ಹೊಸ ವಾಹನದ ಬೆಲೆ ಏರಿದಾಗ ಅದೇ ವರ್ಗದ ಬಳಸಿದ ವಾಹನದ ಕಡೆಗೆ ಗ್ರಾಹಕ ತಿರುಗುವುದು ಸಹಜ. ಬಳಸಿದ ವಾಹನಗಳ ಮೇಲೆ ನೋಂದಾಯಿತ ವರ್ತಕರು ಲಾಭದ ಅಂತರಕ್ಕೆ ಮಾತ್ರ ಕಟ್ಟುವ ತೆರಿಗೆಯ ದರ 2025ರ ಜನವರಿ 16ರಿಂದ ಶೇ. 18 ಆಯಿತು. ನಷ್ಟಕ್ಕೆ ಮಾರಿದರೆ ತೆರಿಗೆಯಿಲ್ಲ. ಕೊಂಡ ಬೆಲೆಗೂ ಮಾರಿದ ಬೆಲೆಗೂ 15,000 ರೂಪಾಯಿ ಅಂತರವಿದ್ದರೆ ತೆರಿಗೆ 2,700 ರೂಪಾಯಿ. ಈ ಕಾರಣದಿಂದ ಕೊಂಡ ಬೆಲೆಯ ದಾಖಲೆಯನ್ನು ಜೋಪಾನವಾಗಿ ಇಡುವುದು ಅಗತ್ಯ.

ನೆನಪಿಡಬೇಕಾದ ನಾಲ್ಕು ಅಂಶ

1. ಹೊಸ ಮಾದರಿ ಪ್ರಕಟವಾದಾಗ ಅದು ಮೂರರಲ್ಲಿ ಯಾವ ಬಗೆಯ ಬದಲಾವಣೆ ಎಂದು ಮೊದಲು ನಿರ್ಧರಿಸಬೇಕು.
2. ಪ್ರತಿಯೊಂದು ಸರಕಿನ ಮೇಲೆ ಅದು ಹೊಂದುವ ತಯಾರಿಕಾ ವರ್ಷಗಳನ್ನು ಸ್ಪಷ್ಟವಾಗಿ ನಮೂದಿಸಬೇಕು.
3. ಗೋದಾಮಿನ ಪಟ್ಟಿಯನ್ನು ವಾಹನದ ಹೆಸರಿನಂತೆ ಅಲ್ಲದೆ ಎಂಜಿನ್ ತಲೆಮಾರು ಹಾಗೂ ಬಿ.ಎಸ್. ಮಟ್ಟದಂತೆ ವಿಂಗಡಿಸಬೇಕು.
4. ಸರಕಾರ ಪ್ರಕಟಿಸಿದ ನಿಯಮಗಳ ಜಾರಿ ದಿನಾಂಕವನ್ನು ಅಂಗಡಿಯ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಬೇಕು.

2017ರ ಏಪ್ರಿಲ್ 1 ಎಂಬ ದಿನಾಂಕ ವಾಹನೋದ್ಯಮಕ್ಕೆ ಹೊಸದಾಗಿರಲಿಲ್ಲ. ಬಿ.ಎಸ್.-4 ಅಂದೇ ದೇಶದಾದ್ಯಂತ ಜಾರಿಗೆ ಬರುವುದೆಂದು ಮೊದಲೇ ತಿಳಿದಿತ್ತು. ತಯಾರಾದ ವಾಹನಗಳನ್ನು ಆ ನಂತರವೂ ಮಾರಬಹುದೆಂಬ ನಂಬಿಕೆ ಮಾತ್ರ ಹುಸಿಯಾಯಿತು. ಹಳೆಯ ಮಾದರಿಯಲ್ಲಿಯೂ ಲಾಭವಿದೆ, ಹೊಸ ಮಾದರಿಯಲ್ಲಿಯೂ ಲಾಭವಿದೆ. ಎರಡರ ನಡುವಿನ ಗೆರೆ ಯಾವ ದಿನ ಬೀಳುತ್ತದೆ ಎಂಬುದನ್ನು ಅರಿಯದೆ ಸರಕು ತುಂಬಿಸುವುದರಲ್ಲಿಯೇ ನಷ್ಟವಿದೆ.