ಹೃದಯದ ಮಾತು: ಒಂದೇ ಪಾತ್ರೆಯ ಕೋಳಿ ಶಾವಿಗೆ ಮತ್ತು ಕಣ್ಣಿಗೆ ಕಾಣದ ಉಪ್ಪು



ಕೆಲವು ತಿಂಗಳ ಹಿಂದೆ ನೌಪಾಡಾದ ನನ್ನ ಕ್ಲಿನಿಕ್ಕಿಗೆ ನಮ್ಮ ಕನ್ನಡದ ದಂಪತಿಯೊಬ್ಬರು ಬಂದಿದ್ದರು. ಗಂಡನಿಗೆ ನಲವತ್ತು ದಾಟಿದೆ. ಆಫೀಸಿನ ತಪಾಸಣೆಯಲ್ಲಿ ಬಿಪಿ ಹೆಚ್ಚು ಬಂದಿತ್ತು. ನಾನು ಕೂರಿಸಿ ಎರಡು ಸಲ ನೋಡಿದೆ, 160/100. ತಲೆನೋವಿಲ್ಲ, ಸುಸ್ತಿಲ್ಲ, ಏನೂ ಇಲ್ಲ. ಬಿಪಿ ಹಾಗೆಯೇ, ಸದ್ದಿಲ್ಲದೆ ಬರುತ್ತದೆ.

"ಡಾಕ್ಟ್ರೇ, ನಮ್ಮ ಮನೇಲಿ ಉಪ್ಪು ಕಮ್ಮಿನೇ. ನಾನು ಅಳತೆ ನೋಡಿಯೇ ಹಾಕ್ತೀನಿ" ಎಂದರು ಹೆಂಡತಿ.

"ರಾತ್ರಿ ಊಟಕ್ಕೆ ಏನು ಮಾಡ್ತೀರಮ್ಮಾ?" ಎಂದು ಕೇಳಿದೆ. ಇಬ್ಬರೂ ಮುಖ ಮುಖ ನೋಡಿಕೊಂಡರು. ಇಬ್ಬರಿಗೂ ಕೆಲಸ. ಲೋಕಲ್ ಇಳಿದು ಡೊಂಬಿವಲಿಯ ಮನೆ ಸೇರುವಾಗ ಒಂಬತ್ತು ಗಂಟೆ. ಮಕ್ಕಳಿಗೆ ಹಸಿವು. ಹಾಗಾಗಿ ವಾರಕ್ಕೆ ಮೂರು ನಾಲ್ಕು ರಾತ್ರಿ ಪ್ಯಾಕೆಟ್ ನೂಡಲ್ಸ್. ದೊಡ್ಡವರಿಗೆ ತಲಾ ಎರಡು ಪ್ಯಾಕೆಟ್, ಜೊತೆಗೆ ಸ್ವಲ್ಪ ಫರಸಾಣ.

ನಾನು ಬೈಯಲಿಲ್ಲ. ಥಾಣೆ, ಕಲ್ಯಾಣ್, ನವಿ ಮುಂಬೈಯಲ್ಲಿರುವ ನಮ್ಮ ಎಷ್ಟೋ ಮನೆಗಳ ಕಥೆ ಇದೇ. ಅವರಿಗೆ ಒಂದು ಲೆಕ್ಕ ತೋರಿಸಿದೆ. ನೀವೂ ಮಾಡಿ ನೋಡಿ.

*ಉಪ್ಪಿನ ಲೆಕ್ಕ*

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರಿಗೆ ಇಡೀ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು. ಅಂದರೆ ಒಂದು ಟೀ ಚಮಚಕ್ಕಿಂತ ಚೂರು ಕಡಿಮೆ. ಪ್ಯಾಕೆಟ್ಟಿನ ಹಿಂದೆ 'ಸೋಡಿಯಂ' ಎಂದು ಮಿಲಿಗ್ರಾಂನಲ್ಲಿ ಬರೆದಿರುತ್ತದೆ. ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪು ಎಷ್ಟೆಂದು ಗೊತ್ತಾಗುತ್ತದೆ. ಒಂದು ಪ್ಯಾಕೆಟ್ಟಿನಲ್ಲಿ ಸೋಡಿಯಂ 800 ಇದ್ದರೆ ಉಪ್ಪು 2 ಗ್ರಾಂ. ಎರಡು ಪ್ಯಾಕೆಟ್ ತಿಂದರೆ 4 ಗ್ರಾಂ. ಒಂದೇ ಹೊತ್ತಿಗೆ ದಿನದ ಪಾಲು ಹೆಚ್ಚುಕಡಿಮೆ ಮುಗಿಯಿತು! ಲೇಬಲ್ಲಿನ ಲೆಕ್ಕ 100 ಗ್ರಾಂಗೋ, ಒಂದು ಪ್ಯಾಕೆಟ್ಟಿಗೋ ಎಂಬುದನ್ನೂ ಗಮನಿಸಿ.

ಆ ತಾಯಿ ಸುಳ್ಳು ಹೇಳಿರಲಿಲ್ಲ. ಅವರು ಹಾಕಿದ ಉಪ್ಪು ಕಡಿಮೆಯೇ. ಮಸಾಲೆ ಪುಡಿಯ ಪೊಟ್ಟಣದಲ್ಲಿ ಬಂದದ್ದು ಅವರ ಕಣ್ಣಿಗೆ ಬಿದ್ದಿರಲಿಲ್ಲ.

*ನೂಡಲ್ಸ್ ನಮಗೆ ಹೊಸದಲ್ಲ*

ಹಾಸನ, ಚಿಕ್ಕಮಗಳೂರು ಕಡೆಯವರಿಗೆ ಒತ್ತು ಶಾವಿಗೆ ಮತ್ತು ಕೋಳಿ ಸಾರು ಗೊತ್ತು. ಕೊಡಗಿನವರಿಗೆ ನೂಲ್‌ಪುಟ್ಟು ಇದೆ. ಕರಾವಳಿಯಲ್ಲಿ ಸೇಮಿಗೆ, ಉತ್ತರ ಕರ್ನಾಟಕದಲ್ಲಿ ಬಿಸಿಲಿಗೆ ಒಣಗಿಸಿದ ಗೋಧಿ ಶಾವಿಗೆ. ಅದೇ ಜೋಡಿಯನ್ನು ಒಂದೇ ಪಾತ್ರೆಯಲ್ಲಿ, ಸುಮಾರು 40 ನಿಮಿಷದಲ್ಲಿ ಮಾಡುವ ವಿಧಾನ ಇಲ್ಲಿದೆ. ನಮ್ಮ ಮನೆಯಲ್ಲೂ ಇದೇ ನಡೆಯುತ್ತದೆ.

*ನಾಲ್ವರಿಗೆ ಬೇಕಾದದ್ದು*

• ಚರ್ಮ ತೆಗೆದ, ಎಲುಬಿಲ್ಲದ ಕೋಳಿ ಮಾಂಸ 400 ಗ್ರಾಂ, ಸಣ್ಣ ತುಂಡು
• ಗೋಧಿ ಶಾವಿಗೆ 200 ಗ್ರಾಂ
• ಈರುಳ್ಳಿ 2, ಟೊಮೆಟೊ 2, ಕ್ಯಾರೆಟ್ 2, ಬೀನ್ಸ್ ಮತ್ತು ಕೋಸು ಎರಡೆರಡು ಹಿಡಿ
• ಜಜ್ಜಿದ ಶುಂಠಿ ಬೆಳ್ಳುಳ್ಳಿ, ಹಸಿಮೆಣಸು 2, ಕಾಳುಮೆಣಸಿನ ಪುಡಿ 1 ಟೀ ಚಮಚ, ಚಿಟಿಕೆ ಅರಿಸಿನ
• ಎಣ್ಣೆ 4 ಟೀ ಚಮಚ
• ಉಪ್ಪು ಮುಕ್ಕಾಲು ಟೀ ಚಮಚ, ಗುಡ್ಡೆಯಾಗದಂತೆ ಸಮ ಮಾಡಿ
• ನಿಂಬೆಹಣ್ಣು 1, ಕೊತ್ತಂಬರಿ ಸೊಪ್ಪು

*ಮಾಡುವ ವಿಧಾನ*

1. ದಪ್ಪ ತಳದ ಪಾತ್ರೆಯಲ್ಲಿ ಶಾವಿಗೆಯನ್ನು ಎಣ್ಣೆ ಹಾಕದೆ ಕೆಂಪಗೆ ಹುರಿದು ತಟ್ಟೆಗೆ ತೆಗೆದಿಡಿ.
2. ಅದೇ ಪಾತ್ರೆಗೆ ಎಣ್ಣೆ ಹಾಕಿ ಈರುಳ್ಳಿ, ಹಸಿಮೆಣಸು, ಶುಂಠಿ ಬೆಳ್ಳುಳ್ಳಿ ಬಾಡಿಸಿ. ಟೊಮೆಟೊ, ಅರಿಸಿನ ಸೇರಿಸಿ.
3. ಕೋಳಿ ಹಾಕಿ 4–5 ನಿಮಿಷ ಕೈಯಾಡಿಸಿ. ಒಂದೂಕಾಲು ಲೀಟರ್ ನೀರು, ಉಪ್ಪು ಹಾಕಿ, ಮುಚ್ಚಿ 12–15 ನಿಮಿಷ ಬೇಯಿಸಿ. ತುಂಡು ಮುರಿದಾಗ ಒಳಗೆ ಗುಲಾಬಿ ಬಣ್ಣ ಉಳಿದಿರಬಾರದು.
4. ತರಕಾರಿ ಹಾಕಿ 4 ನಿಮಿಷ. ನಂತರ ಶಾವಿಗೆ ಹಾಕಿ 5–6 ನಿಮಿಷ, ನಡುನಡುವೆ ಕೈಯಾಡಿಸಿ. ಅಕ್ಕಿ ಶಾವಿಗೆಯಾದರೆ ಹುರಿಯುವುದು ಬೇಡ, ಕೊನೆಗೆ ಹಾಕಿ 2–3 ನಿಮಿಷ ಸಾಕು.
5. ಒಲೆ ಆರಿಸಿ ಕಾಳುಮೆಣಸು, ನಿಂಬೆರಸ, ಕೊತ್ತಂಬರಿ ಸೇರಿಸಿ. ಹುಳಿ, ಖಾರ ಚೆನ್ನಾಗಿದ್ದರೆ ನಾಲಿಗೆ ಉಪ್ಪು ಕೇಳುವುದಿಲ್ಲ.

ಈಗ ಲೆಕ್ಕ ಮಾಡಿ. ಮುಕ್ಕಾಲು ಟೀ ಚಮಚ ಉಪ್ಪು ಸುಮಾರು 4 ಗ್ರಾಂ, ನಾಲ್ವರಿಗೆ ತಲಾ 1 ಗ್ರಾಂ. ಎರಡು ಪ್ಯಾಕೆಟ್ಟಿನ ಕಾಲು ಭಾಗ!

*ನೆನಪಿಡಿ*

• ಅಂಗಡಿಯ ಶುಂಠಿ ಬೆಳ್ಳುಳ್ಳಿ ಪೇಸ್ಟ್, ಸೋಯಾ ಸಾಸ್, ಚಿಕನ್ ಕ್ಯೂಬ್, ಇವೆಲ್ಲದರಲ್ಲೂ ಉಪ್ಪಿದೆ. ಇವನ್ನು ಹಾಕಿದರೆ ಮೇಲಿನ ಲೆಕ್ಕ ತಪ್ಪುತ್ತದೆ. ಶಾವಿಗೆಯ ಲೇಬಲ್ಲೂ ಒಮ್ಮೆ ನೋಡಿ.
• ಕುಕ್ಕರಿನಲ್ಲಿ ಮಾಡಿದರೆ ಮುಚ್ಚಳ ಬಿಗಿಯಬೇಡಿ. ಶಾವಿಗೆಯ ನೊರೆ ಉಗಿ ಹೋಗುವ ತೂತನ್ನು ಕಟ್ಟಬಹುದು.
• ಸಕ್ಕರೆ ಕಾಯಿಲೆ ಇರುವವರು ಬಡಿಸಿಕೊಳ್ಳುವಾಗ ಶಾವಿಗೆ ಕಡಿಮೆ, ಕೋಳಿ ಮತ್ತು ತರಕಾರಿ ಜಾಸ್ತಿ ಹಾಕಿಕೊಳ್ಳಿ.
• ಶ್ರಾವಣದಲ್ಲಿ ಮಾಂಸ ಬಿಡುವವರು, ಸಸ್ಯಾಹಾರಿಗಳು ಮೊಳಕೆ ಹೆಸರುಕಾಳು ಅಥವಾ ಬೇಯಿಸಿದ ಕಡಲೆ ಹಾಕಬಹುದು.
• ಕೋಳಿಯನ್ನು ನಲ್ಲಿಯ ಕೆಳಗೆ ಹಿಡಿದು ತೊಳೆದರೆ ಹನಿಗಳ ಜೊತೆ ರೋಗಾಣು ಸುತ್ತಲೂ ಸಿಡಿಯುತ್ತದೆ. ಅದು ತಾಗಿದ ಚಾಕು, ಹಲಗೆ, ಕೈ ಎಲ್ಲವನ್ನೂ ಸೋಪು ಹಾಕಿ ತೊಳೆಯಿರಿ.
• 'ಕಡಿಮೆ ಸೋಡಿಯಂ' ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ. ಮೂತ್ರಪಿಂಡದ ತೊಂದರೆ ಇರುವವರಿಗೆ, ಕೆಲವು ಬಿಪಿ ಮಾತ್ರೆ ತೆಗೆದುಕೊಳ್ಳುವವರಿಗೆ ಅದು ಅಪಾಯ. ನಿಮ್ಮ ಡಾಕ್ಟರನ್ನು ಕೇಳದೆ ಬಳಸಬೇಡಿ.

ಆ ದಂಪತಿ ಮೊನ್ನೆ ಮತ್ತೆ ಬಂದಿದ್ದರು. ಭಾನುವಾರವೇ ಶಾವಿಗೆ ಹುರಿದು ಡಬ್ಬಿಗೆ ತುಂಬಿಡುತ್ತಾರಂತೆ, ತರಕಾರಿ ಹೆಚ್ಚುವ ಕೆಲಸ ಗಂಡನದಂತೆ. ಬಿಪಿ 134/84. ಶಾವಿಗೆಯಿಂದಲೇ ಇಳಿಯಿತು ಎಂದು ನಾನು ಹೇಳುವುದಿಲ್ಲ. ಮಾತ್ರೆ, ನಡಿಗೆ, ಊಟ ಮೂರೂ ಸೇರಿ ಆದದ್ದು. ಆದ್ದರಿಂದ ಇದನ್ನು ಓದಿ ಯಾರೂ ತಮ್ಮ ಮಾತ್ರೆ ನಿಲ್ಲಿಸಬೇಡಿ.

ಇವತ್ತು ಒಂದೇ ಒಂದು ಕೆಲಸ ಮಾಡಿ. ಅಡುಗೆಮನೆಗೆ ಹೋಗಿ ನಿಮ್ಮ ನೂಡಲ್ಸ್ ಪ್ಯಾಕೆಟ್ ತಿರುಗಿಸಿ, ಸೋಡಿಯಂ ಎಷ್ಟಿದೆ ಓದಿ, ಎರಡೂವರೆಯಿಂದ ಗುಣಿಸಿ. ಮಕ್ಕಳ ಕೈಯಲ್ಲೇ ಲೆಕ್ಕ ಮಾಡಿಸಿ. ನಲವತ್ತು ದಾಟಿದವರು ಈ ವಾರವೇ ಬಿಪಿ ನೋಡಿಸಿಕೊಳ್ಳಿ.

ಮುಂದಿನ ವಾರ: ಮನೆಯಲ್ಲೇ ಬಿಪಿ ನೋಡುವ ಸರಿಯಾದ ಕ್ರಮ.

ಉಪಯೋಗವಾಯಿತು ಅನ್ನಿಸಿದರೆ ನಿಮ್ಮವರಿಗೂ ಕಳುಹಿಸಿ.